ಎರಿ ಮಣ್ಣಿಗಿಳಿದ ಲಾರಿ

"ಕೀಲಿ ಮಾಳಪ್ಪನ ಕೈಯಾಗ ಕೊಡು, ಬಾಷಾಸಾಬ. ನಿನ್ನ ಕೈಲೆ ಆಗಂಗಿಲ್ಲ," ಎಂದು ಲಾರಿ ಮಾಲೀಕ ಅರ್ಜುನಪ್ಪ ಮೋಟರ್‌ ಸೈಕಲ್ಲಿನಿಂದ ಇಳಿಯುವ ಮೊದಲೇ ಹೇಳಿದ. ಹಿಂದೆ ಕೂತು ಬಂದಿದ್ದ ಮಾಳಪ್ಪ ತನಗೆ ಲಾರಿ ಕಲಿಸಿದವನ ಮುಖ ನೋಡಲಾರದೆ ಹೊಳೆಯ ಕಡೆ ನೋಡಿದ.

ಎರಡು ಸಾವಿರದ ಒಂಬತ್ತರ ಆ ಹಾಳು ಮಳೆಗೆ ಮಲಪ್ರಭೆ ಮೆಣಸಗಿಯಾಚೆಯ ತಗ್ಗಿನ ಸೇತುವೆಯನ್ನು ನುಂಗಿ ಹರಿಯುತ್ತಿತ್ತು. ಭಾರಿ ವಾಹನಗಳಿಗೆ ನಿಷೇಧ ಎಂದು ಬರೆದ ಹಲಗೆಯೂ ಅರ್ಧ ನೀರಲ್ಲಿತ್ತು. ದೊಡ್ಡ ಸೇತುವೆಗೆ ಪೊಲೀಸರು ಅಡ್ಡ ನಿಂತಿದ್ದರಿಂದ ಅರ್ಜುನಪ್ಪನಿಗೆ ಈ ದಾರಿ ನೆನಪಾಗಿತ್ತು. ರಸ್ತೆಯ ಮೇಲೆ ನಿಂತ ಲಾರಿಯಲ್ಲಿ ಸೊಲ್ಲಾಪುರಕ್ಕೆ ಹೊರಟ ಉಳ್ಳಾಗಡ್ಡಿ ಚೀಲಗಳಿಂದ ಆಗಲೇ ಕೊಳೆತ ನಾತ ಬರುತ್ತಿತ್ತು.

"ಬರಿಗಾಲಿಲೆ ನಾಕ ಹೆಜ್ಜಿ ಇಟ್ಟು ನೋಡೇನ್ರಿ," ಎಂದ ಬಾಷಾಸಾಬ. "ಕಾಲಾಗ ಸೇತುವಿ ನಡಗತೈತಿ. ತುಂಬಿದ ಗಾಡಿ ತಡಿಯಂಗಿಲ್ಲ."

"ಅಂಜುಬುರುಕಗ ಎಲ್ಲಾ ನಡಗತೈತಿ. ಮಾಳಪ್ಪ, ದಾಟಿಸಿದಿ ಅಂದ್ರ ಇವತ್ತಿಂದ ಈ ಗಾಡಿ ಡ್ರೈವರ ನೀನ."

ಬಾಷಾಸಾಬನ ಕೈಕೆಳಗೆ ಕ್ಲೀನರ್ ಆಗಿ ಬೆಳೆದ ಮಾಳಪ್ಪ ನರೇಗಲ್ಲಿನಿಂದ ಗಜೇಂದ್ರಗಡದವರೆಗೆ ಕೆಲಸ ಕೇಳಿಕೊಂಡು ಅಲೆದು ಸಾಕಾಗಿದ್ದ. ಹೂಂ ಅಂದರೆ ಹೊಳೆ, ಊಹೂಂ ಅಂದರೆ ಮತ್ತೆ ಕಂಡವರ ಗ್ಯಾರೇಜಿನ ಕಟ್ಟೆ. ಅವನು ಹೂಂ ಅಂದ.

"ಸಾವಕ್ಕ ಹ್ಯಾಂಗದಾಳ?" ಎಂದು ಬಾಷಾಸಾಬ ಮಾಳಪ್ಪನ ಹೆಂಡತಿಯ ಬಗ್ಗೆ ಕೇಳಿದ.

"ಪುರ್ತಗೇರ್ಯಾಗ ತವರಮನ್ಯಾಗ ಅದಾಳ್ರಿ. ಇದ ತಿಂಗಳ ಹಡೀತಾಳ."

"ಚಲೋ ಆತು," ಎಂದ ಬಾಷಾಸಾಬ. ಆಮೇಲೆ ಮಾಲೀಕನ ಕಡೆ ತಿರುಗಿ, "ಗಾಡಿ ಹೊಳಿ ಕಡೆ ಮುಖಾ ಮಾಡಿ ಕೊಡ್ತೇನ್ರಿ. ಇಷ್ಟ ವರ್ಷ ಹಿಡದ ಸ್ಟೇರಿಂಗ, ಕಡೇ ಸಲ," ಎಂದ.

ರೋಣ, ನರಗುಂದದ ಆ ಕರಿ ಸೀಮೆಯಲ್ಲಿ ಮಳೆಗಾಲದಲ್ಲೂ ಲಾರಿ ಹುಗಿಸದ ಡ್ರೈವರ್ ಯಾರು ಎಂದು ಯಾವ ಚಹಾದಂಗಡಿಯಲ್ಲಿ ಕೇಳಿದರೂ ಬಾಷಾಸಾಬನ ಹೆಸರೇ ಹೇಳುತ್ತಿದ್ದರು. ಅಲ್ಲಿಯ ಕಪ್ಪು, ಜಿಗುಟು ಎರಿ ಮಣ್ಣು ಬೀಗರಿದ್ದ ಹಾಗೆ, ಹಿಡಿದರೆ ಬಿಡುವುದಿಲ್ಲ. ನೆಲ ಹಸಿಯಿದ್ದಾಗ ಡಾಂಬರು ಬಿಟ್ಟು ಒಂದು ಗೇಣೂ ಇಳಿಯಬೇಡ ಎಂದು ಮಾಳಪ್ಪನಿಗೆ ಮೊದಲ ಪಾಠ ಹೇಳಿದವನೂ ಅವನೇ. ಅಂಥವನು ಈಗ ಲಾರಿ ಹತ್ತಿ, ಯಾವ ಗಡಿಬಿಡಿಯೂ ಇಲ್ಲದೆ ಸ್ಟೇರಿಂಗ್ ಎಡಕ್ಕೆ ಎಳೆದ. ಲಾರಿ ಡಾಂಬರು ಬಿಟ್ಟು ಹೊಲಕ್ಕಿಳಿಯಿತು. ಮುಂದಿನ ಗಾಲಿಗಳು ಪೂರ್ತಿ, ಹಿಂದಿನವು ಅರ್ಧ ಹೂತು, ಸೇತುವೆಯ ಬಾಯಿಯ ಪಕ್ಕದಲ್ಲೇ ವಾಲಿಕೊಂಡು ನಿಂತಿತು.

ಬಾಷಾಸಾಬ ಇಳಿದು ಬಂದು ಕೀಲಿಯನ್ನು ಮಾಲೀಕನ ಕೈಗಿಟ್ಟ. "ತಪ್ಪಾತ್ರಿ ಸಾಹುಕಾರ್ರ. ಕೈ ಜಾರ್ತು."

"ಮುಪ್ಪಿನ ಮುದುಕ. ಮೊನ್ನೆ ಮೊನ್ನೆ ಕಲತಾಂವ ಸುದ್ದಾ ಅಲ್ಲಿ ಇಳಸಂಗಿಲ್ಲ. ರೋಣದ ಪ್ಯಾಟಿ ತುಂಬ ಹೇಳ್ತೇನಿ, ಬಾಷಾಸಾಬ ಎರಿಯಾಗ ಗಾಡಿ ಹುಗಿಸಿದ ಅಂತ. ನಿನ್ನ ಯಾವಾಂವ ಕೆಲಸಕ್ಕ ತಗೋತಾನ ನೋಡೂಣು."

ಬಾಷಾಸಾಬ ತಲೆ ಬಗ್ಗಿಸಿ ಅದನ್ನೆಲ್ಲ ಕೇಳಿಸಿಕೊಂಡ. ಆ ಕೈ ಜಾರುವ ಕೈಯಲ್ಲ ಎಂದು ಮಾಳಪ್ಪನಿಗೆ ಗೊತ್ತಿತ್ತು. ಜೀವಮಾನವಿಡೀ ಗಳಿಸಿದ ಹೆಸರನ್ನು ಆ ಮನುಷ್ಯ ತನಗಾಗಿ, ಪುರ್ತಗೇರಿಯಲ್ಲಿದ್ದವಳಿಗಾಗಿ, ಕಣ್ಣೆದುರೇ ಕೆಸರಿಗೆ ಹಾಕಿದ್ದ. ಎಂಥ ಗುಂಡಿಗೆ ಇರಬೇಕು ಇವನದು, ಅಂದುಕೊಂಡ.

"ಏನ ನಿಂತ ನೋಡ್ತಿ? ಹಿಂದಿನ ಗಾಲಿ ಇನ್ನೂ ಅರ್ಧ ಮ್ಯಾಲ ಐತಿ. ಲಗೂ ಹತ್ತು, ರಿವರ್ಸ್ ಹಾಕಿ ತಗಿ," ಎಂದು ಅರ್ಜುನಪ್ಪ ಕೀಲಿ ಚಾಚಿದ.

ಮಾತು ಖರೇ ಇತ್ತು. ಗಾಲಿಗೆ ನಾಲ್ಕು ಕಲ್ಲು ಕೊಟ್ಟು, ಕ್ಲಚ್ಚನ್ನು ನಿಧಾನ ಬಿಟ್ಟರೆ ಲಾರಿ ಹೊರಗೆ ಬರುತ್ತಿತ್ತು. ಅದನ್ನೂ ಮಾಳಪ್ಪ ಕಲಿತಿದ್ದ. ಅವನು ಹತ್ತಿ ಕೂತ. ಪಕ್ಕದ ಕನ್ನಡಿಯಲ್ಲಿ ಬಾಷಾಸಾಬ ಕಾಣುತ್ತಿದ್ದ. ಬೇಡ ಎಂದು ಸನ್ನೆಯನ್ನೂ ಮಾಡದೆ ಹೊಳೆಯನ್ನೇ ನೋಡುತ್ತಿದ್ದ.

ಮಾಳಪ್ಪ ಕಲ್ಲು ಕೇಳಲಿಲ್ಲ. ರಿವರ್ಸ್ ಹಾಕಿ ಆಕ್ಸಿಲರೇಟರನ್ನು ಕಡೆತನಕ ತುಳಿದ. ಗಾಲಿಗಳು ನಿಂತಲ್ಲೇ ಗರಗರ ತಿರುಗಿ, ಕರಿ ರಾಡಿ ಅರ್ಜುನಪ್ಪನ ಧೋತರಕ್ಕೆ ಸಿಡಿಯಿತು. ಲಾರಿಯ ಹಿಂಬದಿಯೂ ಗಾಲಿ ಮುಚ್ಚುವಷ್ಟು ಕುಸಿದು ಕೂತಿತು.

"ಬರವಲ್ದ್ರಿ," ಎಂದ ಮಾಳಪ್ಪ.

ಇಳಿಯಲು ಬಾಗಿಲು ತೆಗೆದರೆ ಕೆಳಗೆ ಬಾಷಾಸಾಬ ಬಂದು ನಿಂತಿದ್ದ. ಕೆಸರಿನಲ್ಲಿ ಎಲ್ಲಿ ಕಾಲಿಡಬೇಕೆಂದು ತೋರಿಸಿ, ಕೈ ಚಾಚಿದ.