ಎಡಹೆಗಲ ಟವಲು

ಮುನಿರಾಮಯ್ಯ ಕನ್ನಡ ಬಿಟ್ಟು ಬೇರೆ ಭಾಷೆಗೆ ಇಳಿಯುವ ಮೊದಲು ಟವಲನ್ನು ಬಲಹೆಗಲಿಂದ ಎಡಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಆಮೇಲೆ ಎದುರಿಗಿರುತ್ತಿದ್ದವನು ಮುನಿರಾಮಯ್ಯನಲ್ಲ. ತಮಿಳಿನಲ್ಲಿ ಕತ್ತು ವಾಲಿ ನಡಿಗೆ ಕುಂಟುತ್ತಿತ್ತು. ತೆಲುಗಿನಲ್ಲಿ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಉರ್ದುವಿನಲ್ಲಂತೂ ಆ ಮುದಿ ಗಂಟಲಿಗೆ ಎಳೆಯ ಪ್ರಾಯದ ಮಾರ್ದವ ಬಂದುಬಿಡುತ್ತಿತ್ತು. ರಾಮನಗರದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಗೂಡು ಬೇಯುವ ಹಬೆಯ ನಡುವೆ, ಪಕ್ಕದಲ್ಲಿ ನಿಂತವರಿಂದಲೇ ಅವನು ಒಂದೊಂದು ಭಾಷೆಯನ್ನೂ ಕಲಿತಿದ್ದ. ಕಲಿಸಿದವರು ಒಬ್ಬೊಬ್ಬರಾಗಿ ತೀರಿಕೊಂಡರು. ಅವರ ದನಿಗಳು ಮಾತ್ರ ಇವನಲ್ಲೇ ಉಳಿದುಕೊಂಡವು. ಮಿಮಿಕ್ರಿಯೆಂದು ಊರು ನಕ್ಕಿತು. ಊರಿಗೇನು, ನಗಲು ನೆಪ ಸಾಕು. ನಗದೆ ಇದ್ದವಳು ಜೈನಬ್ ಒಬ್ಬಳೇ. ಇವನಿಗೆ ಉರ್ದು ಕಲಿಸಿ, ಆಮೇಲೆ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ಸತ್ತ ಹುಸೇನನ ತಾಯಿ.

ಪ್ರತಿ ಶುಕ್ರವಾರ ಮಧ್ಯಾಹ್ನ ಆಕೆ ಬಂದು ಜಗುಲಿಯ ಮೇಲೆ ಕೂರುವಳು. ಇವನು ಟವಲು ಬದಲಿಸಿ, ಹುಸೇನನ ದನಿಯಲ್ಲಿ “ಅಮ್ಮಾ, ಖಾನಾ ಖಾಯೇ ಕ್ಯಾ?” ಎಂದು ಊಟ ವಿಚಾರಿಸುವನು. ಅಷ್ಟಕ್ಕೇ ಆ ಮುಖ ಅರಳುತ್ತಿತ್ತು. ಮಳೆ, ಮಂಡಿನೋವು, ಗೂಡಿನ ರೇಟು. ಮಾತು ಅಲ್ಲಿಗೇ ಮುಗಿಯುತ್ತಿತ್ತು. ಒಮ್ಮೆ ಮಾತ್ರ ಜೈನಬ್ ಬೇರೆಯದನ್ನು ಕೇಳಿದಳು: ಕೊನೆಯ ದಿನ ತಿಂಡಿ ಮುಟ್ಟದೆ ಸಿಟ್ಟು ಮಾಡಿಕೊಂಡು ಹೋದೆಯಲ್ಲ ಮಗನೇ, ನಾನೇನು ತಪ್ಪು ಮಾಡಿದ್ದೆ? ಆ ಬೆಳಗಿನ ಸಂಗತಿಯನ್ನು ಮುನಿರಾಮಯ್ಯನಿಗೆ ಯಾರೂ ಹೇಳಿರಲಿಲ್ಲ. ಆದರೂ ಬಾಯಿ ತಾನಾಗಿ ತೆರೆದು, ಸಿಟ್ಟು ಬರೀ ನಾಟಕ ಅಮ್ಮಾ, ಇದ್ದದ್ದು ಒಂದೇ ರೊಟ್ಟಿ, ನೀನು ತಿನ್ನಲಿ ಅಂತ, ಎಂದುಬಿಟ್ಟಿತು. ಜೈನಬ್ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಮುನಿರಾಮಯ್ಯ ಟವಲನ್ನು ಬಲಹೆಗಲಿಗೆ ಎಳೆದುಕೊಂಡ.

ಅಂದಿನಿಂದ ಅವನ ಕನ್ನಡ ತಡವರಿಸತೊಡಗಿತು. ಹುಟ್ಟಿನಿಂದ ಆಡಿದ ಮಾತುಗಳನ್ನೇ ಎಲ್ಲೋ ಇಟ್ಟು ಮರೆತವನಂತೆ ಹುಡುಕುವನು. ಹೆಂಡತಿಯ ಹೆಸರು ನಾಲಿಗೆಗೆ ಸಿಗದೆ ಒಂದು ದಿನ ಸುಮ್ಮನೆ ಅವಳ ಮುಖ ನೋಡುತ್ತ ನಿಂತ. ವರಲಕ್ಷ್ಮಮ್ಮ ಗಟ್ಟಿಗಿತ್ತಿ, ಆದರೂ ಹೆದರಿಕೆಯನ್ನು ಮುಚ್ಚಿಡಲಿಲ್ಲ.

“ಅವರ ಮಗನ್ನ ಅವರಿಗೆ ಕೊಟ್ಬುಟ್ರಿ. ನನ್ನ ಗಂಡನ್ನ ಎಲ್ಲಿ ಮಡಗಿದ್ದೀರಿ?”

ಮುಂದಿನ ಶುಕ್ರವಾರ ಅವನು ಟವಲನ್ನು ಗೂಟಕ್ಕೆ ತಗುಲಿಹಾಕಿ, ಬರಿಹೆಗಲಲ್ಲಿ ಜಗುಲಿಗೆ ಬಂದ.

“ಇನ್ನು ಆಗಕ್ಕಿಲ್ಲ ಜೈನಬಮ್ಮ. ಒಳಗೆ ನಂಗೇ ಜಾಗ ಇಲ್ದಂಗಾಗೈತೆ.”

ಜೈನಬ್ ಹಟ ಮಾಡಲಿಲ್ಲ. ಆಯಿತಪ್ಪ ಎಂದು ಮೆಲ್ಲಗೆ ಮೆಟ್ಟಿಲಿಳಿದಳು. ಬೀದಿಯ ತಿರುವು ಮುಟ್ಟುವ ಮೊದಲೇ ಹಿಂದಿನಿಂದ ಹುಸೇನನ ದನಿ, ಅಮ್ಮಾ, ಊಟವಾಯಿತೇ ಎಂದು ಕೇಳಿತು. ಆಕೆ ತಿರುಗಿದಳು. ಮುನಿರಾಮಯ್ಯ ಎರಡು ಕೈಯಿಂದಲೂ ತನ್ನ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದ. ದನಿ ಮತ್ತೊಮ್ಮೆ ಕೇಳಿತು. ಜೈನಬ್ ಮರಳಿ ಬಂದು ಜಗುಲಿಯ ಮೇಲೆ ಕೂತಳು.

ಬಹುಭಾಷಾ ಪ್ರವೀಣರೆಂದು ನಾವು ಸಲೀಸಾಗಿ ಹೊಗಳುವವರು, ಒಂದೊಂದು ಭಾಷೆಗೂ ಒಂದೊಂದು ಬಾಗಿಲು ತೆರೆದಿಟ್ಟವರು. ಒಳಗೆ ಬಂದವರೆಲ್ಲ ಹೊರಟುಹೋಗಲೇಬೇಕೆಂಬ ನಿಯಮವೇನೂ ಇಲ್ಲ. ಅಂಥವರೊಡನೆ ಬಾಳುವವರು ಮಾತ್ರ ದಿನವೂ ಎಲೆ ಹಾಕಿ, ಬಡಿಸುವ ಮೊದಲು, ಕೂತವರು ಯಾರೆಂದು ಕೇಳಬೇಕಾಗುತ್ತದೆ.