ಗುಂಡಗಿರಲೇಬೇಕಾದ ನಕ್ಷತ್ರ

ಪಿಎಚ್‌ಡಿ ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದು ಎಂದು ಮಗಳು ಯಶೋದ ಹೇಳಿದ್ದೇ ತಡ, ಸುಂಕದಕಟ್ಟೆಯ ಕೆಂಚಪ್ಪ ಮದುವೆಗೆ ಕರೆಯುವ ಹಾಗೆ ನೆಂಟರನ್ನೆಲ್ಲ ಕರೆದ. ೧೯೮೭ರ ಆ ಬೆಳಿಗ್ಗೆ ಮೆಟಡೋರ್ ತುಂಬ ಜನ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಗೆ ಹೊರಟರು. ಅಣ್ಣ ದೊಡ್ಡಹನುಮಯ್ಯನನ್ನಂತೂ ಕೈಹಿಡಿದು ಹತ್ತಿಸಿಕೊಂಡ. ಅದಕ್ಕೆ ಕಾರಣವಿತ್ತು.

"ಯಾರೋ ಬರೆದಿಟ್ಟಿದ್ದನ್ನ ಕಾಪಿ ಮಾಡಕ್ಕೆ ಇಷ್ಟು ವರ್ಷ ಬೇಕೇನೋ? ಮೊದಲು ಮದುವೆ ಮಾಡೋ," ಎಂದು ಈ ಅಣ್ಣ ಹತ್ತು ಜನರ ಮುಂದೆ ಅಂದಿದ್ದ. ಕೆಂಚಪ್ಪನಿಗೆ ಮೈ ಉರಿದುಹೋಗಿತ್ತು. ಆದರೆ ಮಗಳು ಮಾಡಿದ್ದು ಹೊಸದೋ ಹಳೆಯದೋ ಅವನಿಗೂ ಗೊತ್ತಿರಲಿಲ್ಲ. ಅವಳನ್ನೇ ಕೇಳಲು ಬಾಯಿ ಬಂದಿರಲಿಲ್ಲ.

ನೆಂಟರ ದಂಡು ಕಂಡು ಯಶೋದ ಮೊದಲು ಕನ್ನಡದಲ್ಲೇ ಹೇಳಿದಳು: "ಭಾರ ಇರೋ ವಸ್ತು ಸುತ್ತ ಜಾಗ, ಕಾಲ ಎರಡೂ ಬಾಗುತ್ತೆ. ಅಂಥಾ ಕಡೆ ಒಂದು ನಕ್ಷತ್ರ ಕದಲದೆ, ತಿರುಗದೆ, ತನ್ನ ಭಾರ ತಾನೇ ತಡ್ಕೊಂಡು ನಿಂತಿದ್ರೆ ಅದು ಗುಂಡಗೇ ಇರಬೇಕು. ಮೊಟ್ಟೆ ಥರ ಇರಕ್ಕಾಗಲ್ಲ. ಒಂದು ಬಗೆ ನಕ್ಷತ್ರಕ್ಕೆ ಇದನ್ನ ಸಾಧಿಸಿ ತೋರಿಸಿದೀನಿ."

"ಸೂರ್ಯ ಗುಂಡಗಿರೋದು ಹೊಲದಲ್ಲಿ ನಿಂತ್ರೆ ಕಾಣಲ್ವೇನೋ?" ಹಿಂದಿನ ಸಾಲಿನಿಂದ ದೊಡ್ಡಹನುಮಯ್ಯ ಪಿಸುಗುಟ್ಟಿದ. ಕೆಂಚಪ್ಪ ಹಲ್ಲು ಕಚ್ಚಿ ಕೂತ.

ಮೈಸೂರಿನಿಂದ ಬಂದಿದ್ದ ಪರೀಕ್ಷಕರು ವೆಂಕಟರಮಣಪ್ಪನವರು ಆಮೇಲೆ ಅವಳು ಬೋರ್ಡಿನ ಮೇಲೆ ಬರೆದ ಲೆಕ್ಕದ ಮೊದಲ ಸಾಲಿಗೇ ಕೈ ತೋರಿಸಿದರು. "ಗುಂಡಗಿದೆ ಅಂತ ಇಲ್ಲೇ ಒಪ್ಕೊಂಡು ಹೊರಟಿದೀರಲ್ಲಮ್ಮ?"

"ಇಲ್ಲ ಸಾರ್. ಕದಲಲ್ಲ, ತಿರುಗಲ್ಲ ಅನ್ನೋದನ್ನ ಒಪ್ಕೊಂಡಿದೀನಿ. ಆಕಾರದ ಮಾತೇ ಎತ್ತಿಲ್ಲ. ಗುಂಡಗಿರೋದು ಕೊನೇಲಿ ತಾನಾಗೇ ಬರುತ್ತೆ, ನೋಡಿ." ಬೋರ್ಡು ಒರೆಸಿ, ಎಲ್ಲವನ್ನೂ ಮತ್ತೆ ಬರೆದಳು. ಸೀಮೆಸುಣ್ಣ ಮುರಿದರೂ ಕೈ ನಿಲ್ಲಲಿಲ್ಲ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ವೆಂಕಟರಮಣಪ್ಪನವರು ಕನ್ನಡಕ ತೆಗೆದು ನಕ್ಕುಬಿಟ್ಟರು.

"ಸಭಿಕರಿಂದ ಪ್ರಶ್ನೆ ಇದೆಯಾ?" ಎಂದರು. ಅದು ಶಾಸ್ತ್ರಕ್ಕೆ ಕೇಳುವ ಮಾತು, ಯಾರೂ ಏಳುವುದಿಲ್ಲ. ಕೆಂಚಪ್ಪನಿಗೇನು ಗೊತ್ತು? ಪಂಚೆ ಸರಿಮಾಡಿಕೊಂಡು ಎದ್ದು ನಿಂತ. ಯಶೋದ ಕೂತ್ಕೋ ಎಂಬಂತೆ ಕೈಸನ್ನೆ ಮಾಡಿದಳು. ಕೆಂಚಪ್ಪನಿಗೂ ಅಳುಕಿತ್ತು. ಉತ್ತರ ತಿರುಗುಮುರುಗಾದರೆ ಅಣ್ಣನ ಪಕ್ಕದಲ್ಲೇ ಕೂತು ಮನೆಗೆ ಹೋಗಬೇಕಲ್ಲ!

"ತಾಯೀ, ಇದನ್ನ ನಿನಗಿಂತ ಮುಂಚೆ ಯಾರಾದ್ರೂ ಮಾಡಿದ್ರಾ?"

ಯಶೋದ ಪರೀಕ್ಷಕರ ಕಡೆ ನೋಡಿದಳು. ಅವರು ಹೇಳು ಎಂಬಂತೆ ತಲೆಯಾಡಿಸಿದರು.

"ಇಲ್ಲಪ್ಪಾ. ಈ ಬಗೆ ನಕ್ಷತ್ರಕ್ಕೆ ಯಾರೂ ಮಾಡಿರಲಿಲ್ಲ. ನಾನೇ ಮೊದಲು."

ಕೆಂಚಪ್ಪ ಕೂರಲಿಲ್ಲ. ನಿಂತಲ್ಲೇ ಹಿಂದಕ್ಕೆ ತಿರುಗಿದ.

"ಕೇಳಿಸ್ತಾ ಅಣ್ಣಾ? ಇನ್ನೊಂದ್ಸಲ ಹೇಳಿಸ್ಲಾ?"