ಕೊಳದಂಚಿನ ಪೊರೆ

೨೦೦೫ರ ಜನವರಿ ೧೬, ಭಾನುವಾರ, ಮಧ್ಯಾಹ್ನ ೨:೪೦. ರಂಗಿಪೊ ಮರುಭೂಮಿಯ ಸಣ್ಣ ಕೊಳದ ಅಂಚಿನಲ್ಲಿ ರತ್ನಾ ಮತ್ತೆ ಮೊಣಕಾಲೂರಿದಳು. ನೀರಿನ ಮೇಲೆ ಏರೋಪ್ಲೇನ್ ಚಿಟ್ಟೆಗಳೇನೋ ಹಾರುತ್ತಿದ್ದವು. ಆದರೆ ಅವು ಗಾಳಿಗೆ ತೇಲಿ ಬಂದವೋ, ಇಲ್ಲೇ ಹುಟ್ಟಿದವೋ? ಇದೇ ನೀರಲ್ಲಿ ಬೆಳೆದ ಮರಿ ದಡಕ್ಕೆ ಬಂದು, ರೆಕ್ಕೆ ಮೂಡುವಾಗ ಕಳಚಿಟ್ಟ ಪೊರೆ ಒಂದಾದರೂ ಸಿಗದಿದ್ದರೆ ಈ ಕೊಳವನ್ನು ಸಂಶೋಧನೆಯಿಂದ ಕೈಬಿಡಬೇಕೆಂದು ಗೈಡ್ ಹೇಳಿದ್ದರು. ತನ್ನ ವಿಶ್ವವಿದ್ಯಾಲಯವಿರುವ ಪಾಮರ್ಸ್ಟನ್ ನಾರ್ತ್‌ಗೆ ಇವತ್ತೇ ಹಿಂದಿರುಗಬೇಕು.

ಮೈಸೂರಿನ ಕೆರೆಗಳಲ್ಲಿ ಕಲಿತಂತೆ ನೀರಿಗೆ ಬಾಗಿದ ಜೊಂಡನ್ನೆಲ್ಲ ನೋಡಿದ್ದಳು. ಈಗ ಮತ್ತೆ ಅದನ್ನೇ ನೋಡುತ್ತಿದ್ದಳು.

"ಬಾರೇ, ಪುಳಿಯೋಗರೆಗೆಲ್ಲ ಮರಳು ಬೀಳ್ತಿದೆ!" ತುಸು ದೂರದ ಹುಲ್ಲುಗುಪ್ಪೆಯ ಮರೆಯಿಂದ ಗಂಡ ಕೇದಾರ್ ಕೂಗಿದ.

"ಎರಡೇ ನಿಮಿಷ ರೀ."

"ನಿನ್ನ ಎರಡು ನಿಮಿಷಕ್ಕೆ ಆ ಚಿಟ್ಟೆಗಳೂ ನಗ್ತಿವೆ ನೋಡು."

ಸಿಡುಕುತ್ತಲೇ ಹೋಗಿ ಕೂತಳು. ಅಲ್ಲಿ ಗಾಳಿ ಅಷ್ಟಾಗಿ ಇರಲಿಲ್ಲ. ತುತ್ತು ಎತ್ತುವಾಗ ಕೇದಾರನ ಬೆನ್ನ ಹಿಂದಿನ ಹುಲ್ಲಿನಲ್ಲಿ, ಬೆನ್ನು ಸೀಳಿದ ಕಂದು ಪೊರೆಯೊಂದು ಕಂಡಿತು. ಲೆನ್ಸ್ ಹಿಡಿದು ನೋಡಿದಳು, ಕೊಳದ ಮೇಲೆ ಹಾರುತ್ತಿದ್ದವುಗಳದೇ ಜಾತಿ. ಮರಿಯೂ ಗಾಳಿಯ ಮರೆ ಹುಡುಕಿಕೊಂಡು ಇಲ್ಲಿಯವರೆಗೆ ನಡೆದುಬಂದಿತ್ತು.

"ಅಲ್ಲಾಡಬೇಡಿ ರೀ! ಟೇಪಿನ ಈ ತುದಿ ಹಿಡ್ಕೊಳ್ಳಿ" ಎಂದು ಕೊಳದತ್ತ ಓಡಿದಳು.

ಪೊರೆಯಿಂದ ನೀರಂಚಿಗೆ ೧೧.೪ ಮೀಟರ್.